ಪೆಟ್ರೋಲಿಯಂ ಜೆಲ್ಲಿ: ಗುಣ, ಬಳಕೆ, ಎಚ್ಚರಿಕೆ

ಊರು ಬಿಟ್ಟು ದೂರದ ಪಟ್ಟಣಗಳಿಗೆ ಬಂದ ನಮ್ಮವರಲ್ಲಿ ಹವೆಯ ಬದಲಾವಣೆ ಮೊದಲು ತಿಳಿಯುವುದು ಚರ್ಮಕ್ಕೆ. ಮಂಗಳೂರು, ಕಾರವಾರಗಳ ತೇವದ ಗಾಳಿಯಲ್ಲಿ ಬೆಳೆದವರು ದೆಹಲಿಗೆ ಬಂದು ಮೊದಲನೆಯ ಚಳಿಗಾಲವನ್ನು ಕಂಡಾಗ ತುಟಿ ಒಡೆಯುತ್ತದೆ, ಮೊಣಕಾಲಿನ ಕೆಳಗೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆಂದು ಬಂದ ಕಲಬುರಗಿ, ವಿಜಯಪುರದ ಕಡೆಯವರ ಅಂಗೈ ಸಿಮೆಂಟಿಗೆ ಸಿಕ್ಕಿ ಸೀಳುತ್ತದೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರ ಬೆರಳಸಂದುಗಳು ಸಾಬೂನಿನ ನೀರಿನಲ್ಲಿ ನೆನೆದು ನೆನೆದು ಬಿರಿಯುತ್ತವೆ. ದಿನವಿಡೀ ತಂಪು ಯಂತ್ರದ ಕೋಣೆಯಲ್ಲಿ ಕುಳಿತು ಲೆಕ್ಕ ಬರೆಯುವ ಗುಮಾಸ್ತರನ್ನೂ ಇದು ಬಿಟ್ಟಿದ್ದಲ್ಲ.

ಹಿಮ್ಮಡಿ ಒಡೆದರೆ ಅದೇನು ಮಹಾ ರೋಗವೇ ಎಂದು ಕೆಲವರು ನಗಬಹುದು. ಆದರೆ ದಿನಕ್ಕೆ ಹತ್ತು ಗಂಟೆ ನಿಂತು ದುಡಿಯಬೇಕಾದವನಿಗೆ ರಕ್ತ ಒಸರುವ ಹಿಮ್ಮಡಿಯೆಂದರೆ ಒಂದು ದಿನದ ಕೂಲಿಯ ಮಾತು. ಮೇಲಾಗಿ, ಚರ್ಮದ ಪ್ರತಿಯೊಂದು ಸೀಳೂ ರೋಗಾಣುಗಳಿಗೆ ತೆರೆದಿಟ್ಟ ಬಾಗಿಲು. ಆದುದರಿಂದ ಇದು ಅಲಂಕಾರದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಚರ್ಮವನ್ನು ಮೆತ್ತಗಿಡುವ ಲೇಪನಗಳು ಅಂಗಡಿಯಲ್ಲಿ ನೂರಾರು ಇವೆ. ಅವುಗಳಲ್ಲಿ ಬಹು ಅಗ್ಗವಾದದ್ದು, ಬಹು ಹಳೆಯದು, ಮತ್ತು ಉಳಿದ ಅನೇಕ ಮುಲಾಮುಗಳಿಗೆ ಆಧಾರವಾಗಿರುವುದು ಪೆಟ್ರೋಲಿಯಂ ಜೆಲ್ಲಿ. ನಮ್ಮ ಜನ ಇದನ್ನು ವ್ಯಾಸಲೀನ್ ಎಂಬ ವ್ಯಾಪಾರದ ಹೆಸರಿನಿಂದಲೇ ಕರೆಯುವುದು ವಾಡಿಕೆ. ಇದರ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಇದು ಸೀಮೆಎಣ್ಣೆಯಿಂದ ಮಾಡಿದ್ದು, ಮೈಗೆ ಹಚ್ಚಿದರೆ ಕ್ಯಾನ್ಸರ್ ಬರುತ್ತದೆ" ಎನ್ನುವುದು ಒಂದು. "ಇದೊಂದಿದ್ದರೆ ಸಾಕು, ಗಾಯಕ್ಕೂ ಸೈ, ಹುಳುಕಡ್ಡಿಗೂ ಸೈ, ಮಗುವಿನ ಮೂಗಿಗೂ ಸೈ" ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ. ನಿಜ ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಈಗ ವಿಚಾರಿಸೋಣ.

ಚರ್ಮ ಒಡೆಯುವುದೇಕೆ?

ನಮ್ಮ ಚರ್ಮದ ತೀರ ಮೇಲಿನ ಪದರವು ಬಹು ತೆಳುವಾದದ್ದು. ಮೈಯ ಹೆಚ್ಚಿನ ಭಾಗದಲ್ಲಿ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿಗಿಂತ ದಪ್ಪವಿರುವುದಿಲ್ಲ. ಅಂಗೈ, ಅಂಗಾಲುಗಳಲ್ಲಿ ಮಾತ್ರ ಅದು ದಪ್ಪ. ಈ ಪದರದ ರಚನೆಯನ್ನು ವಿಜ್ಞಾನಿಗಳು ಗೋಡೆಗೆ ಹೋಲಿಸುತ್ತಾರೆ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವಣ ಕೊಬ್ಬಿನಂಶವೇ ಗಾರೆ. ಗಾರೆ ಗಟ್ಟಿಯಿದ್ದಷ್ಟು ಕಾಲ ಒಳಗಿನ ನೀರು ಹೊರಕ್ಕೆ ಹೋಗದು, ಹೊರಗಿನ ಕೊಳೆ ಒಳಕ್ಕೆ ಬಾರದು.

ಆದರೂ ಈ ಗೋಡೆಯ ಮೂಲಕ ಸ್ವಲ್ಪ ನೀರು ಸದಾ ಆವಿಯಾಗಿ ಹೋಗುತ್ತಲೇ ಇರುತ್ತದೆ. ಬೆವರನ್ನು ಬಿಟ್ಟು, ನಮ್ಮ ಅರಿವಿಗೇ ಬಾರದಂತೆ ದಿನವೊಂದಕ್ಕೆ ಸುಮಾರು ೩೦೦ರಿಂದ ೪೦೦ ಮಿಲಿಲೀಟರಿನಷ್ಟು ನೀರು ಹೀಗೆ ಹೋಗುವುದುಂಟು. ಗಾಳಿ ಒಣಗಿದಷ್ಟೂ ಅದು ಹೆಚ್ಚು. ಸಾಬೂನು, ಸೋಡಾ, ಸಿಮೆಂಟು ಮೊದಲಾದ ಕ್ಷಾರ ವಸ್ತುಗಳು ಗಾರೆಯನ್ನೇ ಕರಗಿಸಿ ತೆಗೆಯುವುದರಿಂದ ಸೋರಿಕೆ ಮತ್ತಷ್ಟು ಹೆಚ್ಚುತ್ತದೆ. ಮೇಲಿನ ಪದರದಲ್ಲಿ ನೀರಿನ ಪಾಲು ನೂರಕ್ಕೆ ಹತ್ತರ ಕೆಳಗಿಳಿದಾಗ ಅದು ಬಾಗುವ ಗುಣವನ್ನು ಕಳೆದುಕೊಂಡು, ಬೇಸಿಗೆಯ ಕೆರೆಯಂಗಳದಂತೆ ಬಿರಿಯತೊಡಗುತ್ತದೆ. ಅಂಗೈ ಅಂಗಾಲುಗಳಲ್ಲಿ ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳೇ ಇಲ್ಲ. ಹಿಮ್ಮಡಿಯ ಮೇಲೆ ಮೈಯ ಭಾರವೆಲ್ಲ ಬೀಳುತ್ತದೆ. ಅದಕ್ಕೇ ಮೊದಲು ಸೀಳುವುದು ಅಲ್ಲಿ.

ಇಲ್ಲಿ ಒಂದು ಪ್ರಯೋಗವನ್ನು ಹೇಳಬೇಕು. ಅಮೆರಿಕದ ಇರ್ವಿನ್ ಬ್ಲಾಂಕ್ ಎಂಬ ವಿಜ್ಞಾನಿ ೧೯೫೨ರಲ್ಲಿ ಪ್ರಕಟಿಸಿದ್ದು ಇದು. ಅವರು ಕಾಲಿನ ಜಡ್ಡುಗಟ್ಟಿದ ಚರ್ಮದ ಒಣಗಿದ ತುಣುಕುಗಳನ್ನು ತೆಗೆದುಕೊಂಡು, ಅವನ್ನು ಮೆತ್ತಗೆ ಮಾಡುವುದು ಯಾವುದು ಎಂದು ಪರೀಕ್ಷಿಸಿದರು. ಎಣ್ಣೆ, ಜೆಲ್ಲಿಗಳಲ್ಲಿ ಇಟ್ಟ ತುಣುಕುಗಳು ಬಿರುಸಾಗಿಯೇ ಉಳಿದವು. ನೀರು ಹೀರಿದ ತುಣುಕುಗಳು ಮಾತ್ರ ಮೆತ್ತಗಾಗಿ ಬಾಗಿದವು. ಅಂದರೆ ಚರ್ಮವನ್ನು ಮೆತ್ತಗೆ ಮಾಡುವುದು ಎಣ್ಣೆಯಲ್ಲ, ನೀರು. ನಮ್ಮ ವಾಚಕರು ಈ ಲೇಖನದಿಂದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಲಿ.

ಹಾಗಾದರೆ ಜೆಲ್ಲಿಯ ಕೆಲಸವೇನು? ಅದು ಮುಚ್ಚಳ. ಚರ್ಮದಲ್ಲಿರುವ ನೀರು ಆವಿಯಾಗಿ ಹೋಗದಂತೆ ತಡೆಯುವುದೇ ಅದರ ಕೆಲಸ. ಈ ಕೆಲಸದಲ್ಲಿ ಅದನ್ನು ಮೀರಿಸುವ ಲೇಪನ ಮತ್ತೊಂದಿಲ್ಲವೆಂದು ಚರ್ಮವೈದ್ಯರು ಹೇಳುತ್ತಾರೆ. ಆದರೆ ಬರಿದಾದ ಮಡಕೆಗೆ ಮುಚ್ಚಳ ಹಾಕಿದರೆ ನೀರು ತುಂಬೀತೇ? ಒಣಗಿ ಬಿರಿದ ಹಿಮ್ಮಡಿಗೆ ಒಣಗಿದ್ದಂತೆಯೇ ಜೆಲ್ಲಿ ಬಳಿದು, "ವಾರವಿಡೀ ಹಚ್ಚಿದರೂ ಏನೂ ಗುಣವಿಲ್ಲ" ಎನ್ನುವವರು ಮಾಡುತ್ತಿರುವುದು ಇದನ್ನೇ. ಮೊದಲು ನೀರು, ಆಮೇಲೆ ಮುಚ್ಚಳ.

ಎಲ್ಲಿಂದ ಬಂದದ್ದು?

ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಟೈಟಸ್‌ವಿಲ್ ಎಂಬ ಊರಿನಲ್ಲಿ ೧೮೫೯ರಲ್ಲಿ ಎಡ್ವಿನ್ ಡ್ರೇಕ್ ಎಂಬವನು ಬಾವಿ ಕೊರೆದು ಕಲ್ಲೆಣ್ಣೆಯನ್ನು ಹೊರತೆಗೆದನು. ಆ ಸುದ್ದಿಯನ್ನು ಕೇಳಿ ನ್ಯೂಯಾರ್ಕಿನಿಂದ ಅಲ್ಲಿಗೆ ಹೋದವರಲ್ಲಿ ರಾಬರ್ಟ್ ಚೀಸ್‌ಬರೋ ಎಂಬ ೨೨ ವಯಸ್ಸಿನ ರಸಾಯನಶಾಸ್ತ್ರಜ್ಞನೂ ಒಬ್ಬ. ತಿಮಿಂಗಿಲದ ಎಣ್ಣೆಯಿಂದ ದೀಪದ ಎಣ್ಣೆ ತಯಾರಿಸುವುದು ಅವನ ಕಸುಬಾಗಿತ್ತು. ಕಲ್ಲೆಣ್ಣೆ ಬಂದ ಮೇಲೆ ಆ ಕಸುಬಿಗೆ ಕುತ್ತು ಬಂದಿತು.

ಬಾವಿಯ ಪಂಪುಗಳ ಸರಳಿಗೆ ಮೇಣದಂಥ ಕಪ್ಪು ಜಿಡ್ಡು ಕಟ್ಟಿಕೊಂಡು ಯಂತ್ರ ನಿಲ್ಲುತ್ತಿತ್ತು. ಕೆಲಸಗಾರರು ಅದನ್ನು ಕೆರೆದು ಎಸೆಯುತ್ತಿದ್ದರು. ಆದರೆ ಕೈ ಕುಯ್ದುಕೊಂಡಾಗ, ಸುಟ್ಟುಕೊಂಡಾಗ ಆ ಜಿಡ್ಡನ್ನೇ ಹಚ್ಚಿಕೊಳ್ಳುವ ಪದ್ಧತಿಯೂ ಅವರಲ್ಲಿತ್ತು. ಚೀಸ್‌ಬರೋ ಇದನ್ನು ಗಮನಿಸಿ, ಜಿಡ್ಡನ್ನು ತನ್ನ ಊರಿಗೆ ಒಯ್ದು, ಅನೇಕ ವರ್ಷ ಶ್ರಮಿಸಿ, ಮೂಳೆಯ ಇದ್ದಲಿನ ಮೂಲಕ ಸೋಸಿ, ವಾಸನೆಯೂ ಬಣ್ಣವೂ ಬಹುಮಟ್ಟಿಗೆ ಇಲ್ಲದ ಜೆಲ್ಲಿಯನ್ನು ಪಡೆದನು. ೧೮೭೨ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ವ್ಯಾಸಲೀನ್ ಎಂಬ ಹೆಸರನ್ನು ನೀರು ಎಂಬರ್ಥದ ಜರ್ಮನ್ ಪದ ಮತ್ತು ಎಣ್ಣೆ ಎಂಬರ್ಥದ ಗ್ರೀಕ್ ಪದಗಳಿಂದ ಕಟ್ಟಿದನೆಂದು ಹೇಳುತ್ತಾರೆ. ಅವನು ತನ್ನ ಜೆಲ್ಲಿಯನ್ನು ದಿನವೂ ಒಂದು ಚಮಚ ತಿನ್ನುತ್ತಿದ್ದನೆಂಬ ಕಥೆಯೂ ಇದೆ; ೧೯೩೩ರಲ್ಲಿ ೯೬ ವಯಸ್ಸಾಗಿದ್ದಾಗ ತೀರಿಕೊಂಡನು. ಈ ಕಥೆಯನ್ನು ನಂಬಿ ಯಾರೂ ಜೆಲ್ಲಿ ತಿನ್ನಲು ಹೋಗಬಾರದು. ಅದು ಹೊರಗೆ ಹಚ್ಚುವ ವಸ್ತುವೇ ಹೊರತು ಆಹಾರವಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವಸ್ತುವಿನ ಗುಣವನ್ನು ಮೊದಲು ಕಂಡುಕೊಂಡವರು ಪಂಡಿತರಲ್ಲ, ಎಣ್ಣೆಬಾವಿಯ ಕೂಲಿಕಾರರು. ಅದನ್ನು ಶುದ್ಧಿ ಮಾಡಿ ನಿರಪಾಯಗೊಳಿಸಿದ್ದು ರಸಾಯನಶಾಸ್ತ್ರ.

ಕ್ಯಾನ್ಸರಿನ ಭಯಕ್ಕೆ ಆಧಾರವಿದೆಯೇ?

ಪೆಟ್ರೋಲಿಯಂ ಜೆಲ್ಲಿಯು ಸೀಮೆಎಣ್ಣೆ, ಡೀಸಲ್, ಡಾಂಬರುಗಳ ವಂಶಕ್ಕೇ ಸೇರಿದ್ದು. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಭಯಕ್ಕೆ ಚರಿತ್ರೆಯಲ್ಲಿ ಆಧಾರವೂ ಉಂಟು. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಹತ್ತಿ ಗಿರಣಿಗಳಲ್ಲಿ ಮ್ಯೂಲ್ ಎಂಬ ನೂಲುವ ಯಂತ್ರಗಳಿದ್ದವು. ಅವುಗಳ ಕದಿರಿಗೆ ಹಾಕುತ್ತಿದ್ದ ಖನಿಜ ತೈಲ ಸಿಡಿದು, ಯಂತ್ರದ ಮೇಲೆ ಬಾಗಿ ದುಡಿಯುವವರ ಬಟ್ಟೆಯನ್ನು ಹಾದು ತೊಡೆಸಂದಿಗೆ ಹತ್ತುತ್ತಿತ್ತು. ವರ್ಷಗಟ್ಟಲೆ ಹೀಗೆ ನೆನೆದವರಲ್ಲಿ ವೃಷಣದ ಚೀಲದ ಚರ್ಮಕ್ಕೆ ಕ್ಯಾನ್ಸರ್ ಹತ್ತುವುದನ್ನು ಮ್ಯಾಂಚೆಸ್ಟರಿನ ವೈದ್ಯರು ೧೯೨೨ರಲ್ಲಿ ಲೋಕದ ಮುಂದಿಟ್ಟರು. ೧೯೫೩ರಲ್ಲಿ ಬ್ರಿಟಿಷ್ ಸರ್ಕಾರ ನಿಯಮ ಮಾಡಿ, ಆ ಯಂತ್ರಗಳಿಗೆ ಚೆನ್ನಾಗಿ ಶುದ್ಧಿ ಮಾಡಿದ ಬಿಳಿಯ ತೈಲದಂಥವನ್ನೇ ಬಳಸಬೇಕೆಂದು ವಿಧಿಸಿತು.

ರೋಗ ತಂದದ್ದು ಕಚ್ಚಾ ತೈಲದಲ್ಲಿದ್ದ ಕೆಲವು ರಾಸಾಯನಿಕಗಳು. ಚೆನ್ನಾಗಿ ಶುದ್ಧಿ ಮಾಡಿದಾಗ ಅವು ಹೋಗುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಶುದ್ಧಿ ಮಾಡದ ಅಥವಾ ಅಲ್ಪಸ್ವಲ್ಪ ಶುದ್ಧಿ ಮಾಡಿದ ಖನಿಜ ತೈಲಗಳನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ಮೊದಲನೆಯ ವರ್ಗದಲ್ಲಿಟ್ಟಿದೆ. ಅತಿ ಶುದ್ಧ ತೈಲಗಳನ್ನು ಹಾಗೆ ಹೇಳಲು ಆಧಾರ ಸಾಲದ ಮೂರನೆಯ ವರ್ಗದಲ್ಲಿಟ್ಟಿದೆ. ಯೂರೋಪಿನ ಕಾನೂನು ಕೂಡ, ಎಲ್ಲಿ ಹೇಗೆ ಶುದ್ಧಿಯಾಯಿತೆಂಬ ಪೂರ್ತಿ ವಿವರ ಗೊತ್ತಿರುವ ಜೆಲ್ಲಿಯನ್ನು ಮಾತ್ರ ಸೌಂದರ್ಯ ಸಾಮಗ್ರಿಗಳಲ್ಲಿ ಬಳಸಲು ಬಿಡುತ್ತದೆ. ಕಬ್ಬಿನ ಹಾಲಿನಿಂದಲೇ ಸಕ್ಕರೆಯೂ ಬರುತ್ತದೆ, ಸಾರಾಯಿಯೂ ಬರುತ್ತದೆ. ಮೂಲ ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದರಿಂದ ನಮಗೆ ಎರಡು ಪಾಠಗಳಿವೆ. ಮೊದಲನೆಯದು: ಮೈಗೆ ಹಚ್ಚುವ ಜೆಲ್ಲಿ ಔಷಧದ ದರ್ಜೆಯದಾಗಿರಬೇಕು. ಡಬ್ಬಿಯ ಮೇಲೆ "ವೈಟ್ ಸಾಫ್ಟ್ ಪ್ಯಾರಾಫಿನ್ ಐ.ಪಿ." ಅಥವಾ "ವೈಟ್ ಪೆಟ್ರೋಲಿಯಂ ಜೆಲ್ಲಿ ಐ.ಪಿ." ಎಂದಿದ್ದರೆ ಅದು ೧೯೫೫ರಲ್ಲಿ ಮೊದಲ ಬಾರಿ ಪ್ರಕಟವಾಗಿ ಕಾಲಕಾಲಕ್ಕೆ ಪರಿಷ್ಕೃತವಾಗುತ್ತ ಬಂದಿರುವ ಭಾರತೀಯ ಔಷಧ ಸಂಹಿತೆಯ ಮಾನದಂಡಕ್ಕೆ ಒಳಪಟ್ಟದ್ದೆಂದು ಅರ್ಥ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು ಇವೆಯೇ ಎಂದು ನೋಡಿ ಕೊಳ್ಳಬೇಕು. ರಸ್ತೆಬದಿಯಲ್ಲಿ ಹೆಸರಿಲ್ಲದೆ ಬಿಡಿಯಾಗಿ ತೂಗಿ ಮಾರುವುದನ್ನು ಕೊಳ್ಳಬಾರದು. ಎರಡನೆಯದು: ಕಾರ್ಖಾನೆ, ಗ್ಯಾರೇಜುಗಳ ಗ್ರೀಸು ನೋಡಲು ಜೆಲ್ಲಿಯಂತೆ ಇದ್ದರೂ ಅದು ಮೈಗೆ ಹಚ್ಚುವ ವಸ್ತುವಲ್ಲ. ಗ್ರೀಸು, ಹಳೆಯ ಎಂಜಿನ್ ಎಣ್ಣೆಗಳಲ್ಲಿ ದಿನವೂ ಕೈಯಾಡಿಸುವವರು ಎಣ್ಣೆ ನೆನೆದ ಬಟ್ಟೆಯನ್ನು ಮೈಮೇಲೆ ಇಟ್ಟುಕೊಳ್ಳದೆ, ಕೆಲಸ ಮುಗಿದೊಡನೆ ಸಾಬೂನಿನಿಂದ ತೊಳೆದುಕೊಳ್ಳಬೇಕು. ಕೈಯ ಜಿಡ್ಡನ್ನು ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ತೆಗೆಯುವ ಪದ್ಧತಿ ಕೆಟ್ಟದ್ದು. ಅದು ಜಿಡ್ಡಿನ ಜೊತೆಗೆ ಚರ್ಮದ ಗಾರೆಯನ್ನೂ ತೆಗೆಯುತ್ತದೆ. ಸ್ವಲ್ಪ ಅಡಿಗೆಯ ಎಣ್ಣೆಯನ್ನು ಉಜ್ಜಿ ಜಿಡ್ಡನ್ನು ಸಡಿಲಿಸಿ, ಬಳಿಕ ಸಾಬೂನು ಹಾಕಿ ತೊಳೆದರೆ ಸಾಕು.

ಶುದ್ಧ ಜೆಲ್ಲಿಯ ಇನ್ನೊಂದು ಗುಣವೆಂದರೆ ಅದು ಚರ್ಮವನ್ನು ಕೆರಳಿಸುವುದು ತೀರ ಅಪರೂಪ. ಯಾವ ವಸ್ತು ಯಾರಿಗೆ ಒಗ್ಗುವುದಿಲ್ಲವೆಂದು ತಿಳಿಯಲು ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡುವಾಗ, ಪರೀಕ್ಷಿಸುವ ವಸ್ತುಗಳಲ್ಲಿ ಹೆಚ್ಚಿನವನ್ನು ಬೆರೆಸಿಕೊಳ್ಳುವುದು ಈ ಜೆಲ್ಲಿಯಲ್ಲಿಯೇ. ತಾನಾಗಿ ಯಾವ ತಂಟೆಯನ್ನೂ ಮಾಡದು ಎಂಬ ನಂಬಿಕೆಯಿಂದಲ್ಲವೇ ಅದನ್ನು ಆರಿಸಿದ್ದು? ಆದರೆ ಸುವಾಸನೆ, ಬಣ್ಣ ಸೇರಿಸಿದ ಜೆಲ್ಲಿಗೆ ಈ ಮಾತು ಸಲ್ಲದು. ಚರ್ಮ ಒಡೆದವರಿಗೆ ಸುವಾಸನೆಯಿಲ್ಲದ, ಬರಿಯ ಜೆಲ್ಲಿಯೇ ಒಳ್ಳೆಯದು.

ಬಳಸುವ ಕ್ರಮ

ಹಿಮ್ಮಡಿಗೆ: ರಾತ್ರಿ ಮಲಗುವ ಮುನ್ನ ಕಾಲನ್ನು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಬೇಕು. ಮೆತ್ತಗಾದ ಜಡ್ಡನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಬಹುದು, ಬ್ಲೇಡಿನಿಂದ ಕೆತ್ತಕೂಡದು. ಬಟ್ಟೆಯಿಂದ ಒತ್ತಿ ನೀರು ತೆಗೆದು, ಚರ್ಮ ಇನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷಗಳೊಳಗೆ, ಜೆಲ್ಲಿಯನ್ನು ತೆಳ್ಳಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ನಾಲ್ಕಾರು ದಿನಗಳಲ್ಲಿಯೇ ವ್ಯತ್ಯಾಸ ಕಾಣುವುದುಂಟು. ಹಗಲು ಹಿಂಭಾಗ ಮುಚ್ಚಿರುವ ಚಪ್ಪಲಿ ಅಥವಾ ಬೂಟು ತೊಟ್ಟರೆ ಇನ್ನೂ ಬೇಗ ಗುಣ. ಜೆಲ್ಲಿ ಹಚ್ಚಿದ ಬರಿಗಾಲಿನಲ್ಲಿ ನುಣುಪು ನೆಲದ ಮೇಲೆ ನಡೆದರೆ ಜಾರಿ ಬೀಳುವಿರಿ, ಜೋಕೆ.

ಮೈಗೆ: ಚಳಿಗಾಲದಲ್ಲಿ ಸುಡುಸುಡುವ ನೀರಿನ ಸ್ನಾನ ಹಿತವೆನಿಸಿದರೂ ಚರ್ಮಕ್ಕೆ ಒಳ್ಳೆಯದಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಬೇಗ ಮುಗಿಸಿ, ಮೈಯನ್ನು ಪೂರ್ತಿ ಒರೆಸಿ ಒಣಗಿಸುವ ಮೊದಲೇ ಕೈಕಾಲುಗಳಿಗೆ ತುಸು ಹಚ್ಚಬೇಕು. ಕಡಲೆಯಷ್ಟು ಜೆಲ್ಲಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡರೆ ಒಂದು ಮೊಣಕೈಗೆ ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ಗುಣವೆಂಬುದಿಲ್ಲ; ಬಟ್ಟೆ ಮಾತ್ರ ಕೊಳೆಯಾದೀತು.

ಕೈಗೆ: ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು, ಆಸ್ಪತ್ರೆಗಳಲ್ಲಿ ಪದೇಪದೇ ಕೈ ತೊಳೆಯುವವರು ಕೆಲಸ ಮುಗಿದ ಮೇಲೆ ಶುದ್ಧ ನೀರಿನಿಂದ ತೊಳೆದು, ಬೆರಳಸಂದಿಯ ನೀರನ್ನು ಒತ್ತಿ ತೆಗೆದು, ಆಮೇಲೆ ಹಚ್ಚಬೇಕು. ಸಾಬೂನಿನ ಶೇಷವಿದ್ದಂತೆಯೇ ಹಚ್ಚಿದರೆ ಆ ಸಾಬೂನನ್ನೇ ಒಳಗಿಟ್ಟು ಮುಚ್ಚಿದಂತಾಗುತ್ತದೆ. ಸಿಮೆಂಟಿನ ಕೆಲಸದವರಿಗೆ ಇದು ಇನ್ನೂ ಮುಖ್ಯ. ಹಸಿ ಸಿಮೆಂಟು ಬಲವಾದ ಕ್ಷಾರ. ಅದರ ಮುಂದೆ ಜೆಲ್ಲಿ ಕವಚವಾಗದು. ಕವಚವೆಂದರೆ ಕೈಗವುಸು ಮತ್ತು ಬೂಟು. ಅವನ್ನು ಗುತ್ತಿಗೆದಾರರಿಂದ ಕೇಳಿ ಪಡೆಯಬೇಕು. ಸಿಮೆಂಟು ತಾಗಿದ ಕೂಡಲೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಜೆಲ್ಲಿಯ ಸರದಿ ರಾತ್ರಿಗೆ.

ತುಟಿಗೆ: ನಾಲಗೆಯಿಂದ ತುಟಿ ಸವರಿಕೊಳ್ಳುವ ಅಭ್ಯಾಸವನ್ನು ಬಿಟ್ಟು, ದಿನಕ್ಕೆ ಎರಡು ಮೂರು ಸಲ ತುಸು ಜೆಲ್ಲಿ ಸವರಿದರೆ ಸಾಕು.

ಗಾಯಗಳ ವಿಷಯ

ಗಾಯವನ್ನು ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿಸಬೇಕೆಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ೧೯೬೨ರಲ್ಲಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿ, ತೇವ ಉಳಿಯುವಂತೆ ಮುಚ್ಚಿದ ಮೇಲುಗಾಯಗಳ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡುವುದೆಂದು ತೋರಿಸಿದರು. ೧೯೯೬ರಲ್ಲಿ ಅಮೆರಿಕದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಾದ ೯೨೨ ರೋಗಿಗಳಲ್ಲಿ ಕೆಲವರ ಗಾಯಗಳಿಗೆ ಬರಿಯ ಜೆಲ್ಲಿಯನ್ನೂ ಉಳಿದವರಿಗೆ ಬ್ಯಾಸಿಟ್ರಾಸಿನ್ ಎಂಬ ರೋಗಾಣುನಾಶಕ ಮುಲಾಮನ್ನೂ ಹಚ್ಚಿ ನೋಡಿದರು. ಗಾಯ ಕೀವುಗಟ್ಟುವ ವಿಷಯದಲ್ಲಿ ಗಣನೆಗೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಮುಲಾಮು ಹಚ್ಚಿಕೊಂಡ ಕೆಲವರಿಗೆ ಅದು ಒಗ್ಗದೆ ತುರಿಕೆ ಹತ್ತಿತು. ಜೆಲ್ಲಿಯವರಲ್ಲಿ ಹಾಗೆ ಆಗಲಿಲ್ಲ.

ಆದುದರಿಂದ ಸಣ್ಣ ತರಚುಗಾಯವನ್ನು ನೀರು ಸಾಬೂನಿನಿಂದ ತೊಳೆದು, ತೆಳ್ಳಗೆ ಜೆಲ್ಲಿ ಹಚ್ಚಿ, ಶುದ್ಧವಾದ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸುವುದು ಒಳ್ಳೆಯ ಕ್ರಮ. ಜೆಲ್ಲಿ ರೋಗಾಣುಗಳನ್ನು ಕೊಲ್ಲುವುದಿಲ್ಲ; ಹಾಗಾಗಿ ತೊಳೆಯುವುದೇ ಮೊದಲನೆಯ ಚಿಕಿತ್ಸೆ. ಒಂದೇ ಡಬ್ಬಿಗೆ ಕೋಣೆಯವರೆಲ್ಲ ಬೆರಳು ಹಾಕುವುದು ಸಲ್ಲದು. ಆಳವಾದ ಗಾಯ, ಮೊಳೆ ಚುಚ್ಚಿದ್ದು, ಮಣ್ಣು ಹೊಕ್ಕದ್ದು ಇವು ವೈದ್ಯರ ಪಾಲಿಗೆ. ನಾಯಿ ಕಚ್ಚಿದಲ್ಲಿ ಜೆಲ್ಲಿಯನ್ನಾಗಲಿ ಬೇರೇನನ್ನೇ ಆಗಲಿ ಹಚ್ಚದೆ, ಹದಿನೈದು ನಿಮಿಷ ಹರಿಯುವ ನೀರು ಸಾಬೂನಿನಿಂದ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಸುಟ್ಟಗಾಯದಲ್ಲಿ ತಪ್ಪಾಗುವುದು ಹೆಚ್ಚು. ಸುಟ್ಟ ಕೂಡಲೆ ಜೆಲ್ಲಿ, ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟು ಏನನ್ನೂ ಹಚ್ಚಬಾರದು. ಮುಚ್ಚಳದ ಗುಣ ಇಲ್ಲಿ ಅಪಕಾರವೇ. ಒಳಗಿನ ಕಾವನ್ನು ಅದು ಹೊರಗೆ ಬಿಡದು. ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರಿನ ಕೆಳಗೆ ಹಿಡಿಯುವುದೊಂದೇ ಮೊದಲ ಉಪಚಾರ. ಬೊಕ್ಕೆ ಎದ್ದರೆ, ಮುಖಕ್ಕೋ ಕೈಗೋ ಸುಟ್ಟರೆ, ಅಂಗೈಗಿಂತ ಅಗಲವಾಗಿ ಸುಟ್ಟರೆ ವೈದ್ಯರಲ್ಲಿಗೆ ಹೋಗಬೇಕು.

ಎಲ್ಲಿ ಬಳಸಬಾರದು?

ಮುಚ್ಚಳ ಒಳ್ಳೆಯದನ್ನೂ ಮುಚ್ಚುತ್ತದೆ, ಕೆಟ್ಟದ್ದನ್ನೂ ಮುಚ್ಚುತ್ತದೆ. ಇದನ್ನು ನೆನಪಿನಲ್ಲಿಟ್ಟರೆ ಎಲ್ಲಿ ಬೇಡವೆಂಬುದು ಬಹುಮಟ್ಟಿಗೆ ತಾನಾಗಿ ಹೊಳೆಯುತ್ತದೆ.

ಹುಳುಕಡ್ಡಿ, ಕಾಲ್ಬೆರಳ ಸಂದಿನ ಕೆಸರುಹುಣ್ಣು, ತೊಡೆಸಂದಿನ ತುರಿಕೆ ಇವುಗಳಿಗೆ ಬರಿಯ ಜೆಲ್ಲಿ ಮದ್ದಲ್ಲ. ಬೂಷ್ಟಿನ ಜಾತಿಯ ಆ ರೋಗಾಣುಗಳಿಗೆ ಬೇಕಾದುದೇ ತೇವ ಮತ್ತು ಬೆಚ್ಚನೆಯ ಮರೆ. ಮುಂಬಯಿ, ಚೆನ್ನೈಗಳ ಬೆವರಿನ ದಿನಗಳಲ್ಲಿ ಬೆವರುಸಾಲೆಯ ಮೇಲೆ ಹಚ್ಚಿದರೂ ಅದು ಹೆಚ್ಚುವುದೇ ಸರಿ. ಮೊಡವೆಯುಳ್ಳವರು ಮುಖಕ್ಕೆ ಹಚ್ಚದಿರುವುದು ಲೇಸು.

ಮೂಗಿನ ಒಳಗೆ, ಅದರಲ್ಲೂ ಮಕ್ಕಳ ಮೂಗಿಗೆ, ಜೆಲ್ಲಿಯನ್ನಾಗಲಿ ಎಣ್ಣೆಯನ್ನಾಗಲಿ ಹಾಕಬಾರದು. ಮಲಗಿದಾಗ ಅದು ಮೆಲ್ಲಗೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಂದ ಹೊರಬರುವ ದಾರಿಯಿಲ್ಲ. ಅದರಿಂದ ಒಂದು ಬಗೆಯ ನ್ಯುಮೋನಿಯ ಆಗುತ್ತದೆ. ಮೂಗಿಗೆ ಎಣ್ಣೆಯ ಹನಿ ಹಾಕುವುದರಿಂದ ಹೀಗಾಗುವುದೆಂದು ವೈದ್ಯರು ೧೯೨೫ರಷ್ಟು ಹಿಂದೆಯೇ ಬರೆದಿದ್ದಾರೆ. ಊರಿನಿಂದ ಬಂದ ಹಿರಿಯರು ಮಗುವಿನ ಮೂಗಿಗೆ ಎಣ್ಣೆ ಬಿಡಲು ಹೊರಟರೆ ಮೃದುವಾಗಿ ತಡೆಯಬೇಕು. ಮಗುವಿನ ಮೈ ಒಣಗಿದ್ದರೆ ಜೆಲ್ಲಿ ಹಚ್ಚುವುದಕ್ಕೆ ಅಡ್ಡಿಯಿಲ್ಲ. ಆದರೆ ದಿನವೂ ಹಚ್ಚಿದರೆ ಇಸುಬು ಬರುವುದೇ ಇಲ್ಲವೆಂಬುದು ನಿಜವಲ್ಲ. ೨೦೨೦ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ಮೊದಲ ವರ್ಷವಿಡೀ ಲೇಪನ ಹಚ್ಚಿದರೂ ಇಸುಬು ತಡೆಯಲ್ಪಡದೆಂದು ತೋರಿಸಿದೆ.

ಬೆಂಕಿಯ ಅಪಾಯ ಹಲವರಿಗೆ ತಿಳಿಯದು. ಡಬ್ಬಿಯಲ್ಲಿನ ಜೆಲ್ಲಿ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಆದರೆ ಅದು ಬಟ್ಟೆಗೆ, ಹಾಸಿಗೆಗೆ ಮತ್ತೆಮತ್ತೆ ಹತ್ತಿ ಇಂಗಿದಾಗ ಆ ಬಟ್ಟೆ ಮೇಣಬತ್ತಿಯ ಬತ್ತಿಯಂತಾಗುತ್ತದೆ. ಒಂದು ಕಿಡಿ ಬಿದ್ದರೆ ಬಹು ಬೇಗ ಉರಿಯುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಇಂಥ ದುರ್ಮರಣಗಳ ಕಾರಣದಿಂದ ಬ್ರಿಟನ್ನಿನ ಔಷಧ ನಿಯಂತ್ರಣ ಇಲಾಖೆ ೨೦೧೮ರಲ್ಲಿ ವಿಶೇಷ ಎಚ್ಚರಿಕೆಯನ್ನೇ ಹೊರಡಿಸಿತು. ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗಿ, ಅಲ್ಲಿಯೇ ಒಲೆ ಹಚ್ಚಿ, ಹಾಸಿಗೆಯ ಮೇಲೆಯೇ ಬೀಡಿ ಸೇದುವ ನಮ್ಮವರು ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಆಮ್ಲಜನಕದ ನಳಿಗೆ ಹಾಕಿಕೊಂಡ ರೋಗಿಯ ಮುಖಕ್ಕೆ ಜೆಲ್ಲಿ ಹಚ್ಚಲೇಬಾರದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುವುದೇ ಉಪಕಾರ. ಜೆಲ್ಲಿ ಮತ್ತು ಎಲ್ಲ ಎಣ್ಣೆಗಳೂ ರಬ್ಬರನ್ನು ಕೆಲವೇ ನಿಮಿಷಗಳಲ್ಲಿ ದುರ್ಬಲಗೊಳಿಸುತ್ತವೆ. ನಿರೋಧದೊಡನೆ ಅದನ್ನು ಬಳಸಿದರೆ ನಿರೋಧ ಹರಿದು, ಇದ್ದೂ ಇಲ್ಲದಂತಾಗುತ್ತದೆ. ರಬ್ಬರಿನ ಕೈಗವುಸಿಗೂ ಇದೇ ಮಾತು.

ಬೇರೆ ಲೇಪನಗಳು

ಕೊಬ್ಬರಿ ಎಣ್ಣೆ ನಮ್ಮವರ ಮನೆಯ ವಸ್ತು. ಒಣಚರ್ಮಕ್ಕೆ ಅದೂ ಒಳ್ಳೆಯದೇ. ಜೆಲ್ಲಿಯಷ್ಟು ಬಿಗಿಯಾದ ಮುಚ್ಚಳವಲ್ಲವಾದರೂ ಹಗುರ, ಬೇಗ ಹರಡುತ್ತದೆ. ಗ್ಲಿಸರಿನ್ನಿನ ಗುಣ ಬೇರೆ: ಅದು ನೀರನ್ನು ಹಿಡಿದಿಡುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿ ಹಚ್ಚಬೇಕು. ಅದರ ಮೇಲೆ ಜೆಲ್ಲಿ ಹಚ್ಚಿದರೆ ಎರಡರ ಗುಣವೂ ಸೇರುತ್ತದೆ. ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಕೂಡ ಒಳ್ಳೆಯದೇ, ಆದರೆ ಕೆಲವರಿಗೆ ಒಗ್ಗದು. ಬೆಲೆಯುಳ್ಳ ಕ್ರೀಮುಗಳ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಈ ಅಗ್ಗದ ವಸ್ತುಗಳ ಹೆಸರುಗಳೇ ಅಲ್ಲಿ ಮೊದಲ ಸಾಲಿನಲ್ಲಿ ಕಾಣುವುದುಂಟು.

ಆದರೆ ಒಂದು ಬಗೆಯ ಕ್ರೀಮಿನಿಂದ ದೂರವಿರಬೇಕು. ಬೀಟಾಮೆಥಸೋನ್, ಕ್ಲೊಬೆಟಸಾಲ್ ಮೊದಲಾದ ಸ್ಟೀರಾಯ್ಡ್ ಸೇರಿದ ಟ್ಯೂಬುಗಳನ್ನು ಅಂಗಡಿಯವರು "ಎಲ್ಲ ತುರಿಕೆಗೂ ಇದೇ" ಎಂದು ಕೊಡುವುದುಂಟು. ಮುಖ ಬೆಳ್ಳಗಾಗಲೆಂದು ಹಚ್ಚಿಕೊಳ್ಳುವವರೂ ಉಂಟು. ಮೊದಲು ಮಾಯವಾದಂತೆ ತೋರಿ, ಆಮೇಲೆ ಚರ್ಮ ತೆಳ್ಳಗಾಗಿ, ಹುಳುಕಡ್ಡಿ ಮೈಯೆಲ್ಲ ಹರಡಿ, ಮುಖ ಕೆಂಪೇರಿ ಬಿಡಲಾಗದ ಚಟವಾಗುತ್ತದೆ. ಇಂಥ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರ ೨೦೧೮ರಲ್ಲಿ ನಿಯಮವನ್ನು ಬಿಗಿಗೊಳಿಸಿದೆ. ಜೆಲ್ಲಿಯು ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ, ಅದು ಅದರ ಸುಗುಣ.

ವೈದ್ಯರ ಬಳಿಗೆ ಯಾವಾಗ?

ಸಕ್ಕರೆ ರೋಗವುಳ್ಳವರು ಕಾಲನ್ನು ನೆನೆಸಿಡಬಾರದು. ಸ್ಪರ್ಶ ಮಂದವಾಗಿರುವುದರಿಂದ ಬಿಸಿನೀರಿನ ಸುಡುವಿಕೆಯೂ ಅವರಿಗೆ ತಿಳಿಯದೆ ಹೋದೀತು. ತೊಳೆದು, ಒರೆಸಿ, ಹಿಮ್ಮಡಿ ಅಂಗಾಲುಗಳಿಗೆ ಮಾತ್ರ ಜೆಲ್ಲಿ ಹಚ್ಚಬೇಕು, ಬೆರಳಸಂದಿಗೆ ಬೇಡ. ದಿನವೂ ಕಾಲನ್ನು ನೋಡಿಕೊಳ್ಳಬೇಕು; ಸಣ್ಣ ಸೀಳು ಕಂಡರೂ ತಡಮಾಡಬಾರದು.

ಸೀಳು ಕೆಂಪೇರಿ ಬಾತರೆ, ಕೀವು ಸುರಿದರೆ, ಜ್ವರ ಬಂದರೆ, ಎರಡು ವಾರ ಕ್ರಮವಾಗಿ ಹಚ್ಚಿದರೂ ಗುಣ ಕಾಣದಿದ್ದರೆ, ರಾತ್ರಿ ನಿದ್ದೆಗೆಡಿಸುವ ತುರಿಕೆ ಕೋಣೆಯವರಿಗೆಲ್ಲ ಹಬ್ಬಿದರೆ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು. ಮುಟ್ಟಿದರೆ ತಿಳಿಯದ, ಬಣ್ಣ ಮಾಸಿದ ಮಚ್ಚೆ ಕಂಡರೆ ನಾಚಿಕೆಪಟ್ಟು ಮುಚ್ಚಿಡುವುದು ಬೇಡ. ಅದು ಕುಷ್ಠವೇ ಆಗಿದ್ದರೂ ಪೂರ್ತಿ ಗುಣವಾಗುವ ರೋಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧ ಉಚಿತ.

ಒಟ್ಟಿನಲ್ಲಿ ಪೆಟ್ರೋಲಿಯಂ ಜೆಲ್ಲಿ ವಿಷವೂ ಅಲ್ಲ, ಸಂಜೀವಿನಿಯೂ ಅಲ್ಲ. ಚೆನ್ನಾಗಿ ಶುದ್ಧಿಯಾದದ್ದನ್ನು ಕೊಂಡು, ಒದ್ದೆ ಚರ್ಮದ ಮೇಲೆ, ತೆಳ್ಳಗೆ, ಬೆಂಕಿಯಿಂದ ದೂರವಿದ್ದು ಹಚ್ಚಿದರೆ ಅಗ್ಗದ ಆ ಡಬ್ಬಿ ಒಂದು ಚಳಿಗಾಲವನ್ನು ಸುಖವಾಗಿ ಕಳೆಯಿಸೀತು. ನಮ್ಮ ವಾಚನಾಲಯಕ್ಕೆ ಬಂದು ಇದನ್ನು ಓದಿದವರು, ಓದು ಬಾರದ ತಮ್ಮ ಕೋಣೆಯ ಸಂಗಡಿಗರಿಗೂ ಇದರ ಸಾರವನ್ನು ತಿಳಿಸಬೇಕೆಂದು ನಮ್ಮ ಕೋರಿಕೆ. ಕೈಕಾಲು ನೆಟ್ಟಗಿದ್ದರಲ್ಲವೇ ದುಡಿಮೆ, ದುಡಿಮೆಯಿದ್ದರಲ್ಲವೇ ಊರಿಗೆ ಕಳುಹಿಸುವ ನಾಲ್ಕು ಕಾಸು!